ದಳವಾಯಿಯೂ ದೊರೆಯೂ: ಮೈಸೂರು ಸಂಸ್ಥಾನದ ಆಡಳಿತ ಮತ್ತು ಸೈನಿಕ ವಿಸ್ತರಣೆ

ಬೆಂಗಳೂರಿನ ಹನುಮಂತನಗರಕ್ಕೆ ಕೂಗಳತೆಯ ದೂರದಲ್ಲಿ, ಗವಿಪುರದ ಆಚೆ, ಕೆಂಪಾಂಬುಧಿ ಕೆರೆಯ ಬಳಿ ಒಂದು ಪುಟ್ಟ ಕಲ್ಲುಗೋಪುರವಿದೆ. ಕೆಂಪೇಗೌಡರ ಹೆಸರಿನಲ್ಲಿ ಪ್ರಸಿದ್ಧವಾದ ನಾಲ್ಕು ಗಡಿಗೋಪುರಗಳಲ್ಲಿ ಇದೂ ಒಂದು. ಉಳಿದ ಮೂರು ಲಾಲ್‌ಬಾಗ್‌ನ ಬಂಡೆಯ ಮೇಲೆ, ಹಲಸೂರು ಕೆರೆಯ ಬಳಿ ಮತ್ತು ಮೇಖ್ರಿ ವೃತ್ತದ ಸಮೀಪದಲ್ಲಿವೆ. ಊರು ಇಲ್ಲಿಯವರೆಗೆ ಬೆಳೆಯಲಿ ಎಂದು ಗುರುತಿಸಿದ ಎಲ್ಲೆ ಇದು ಎಂಬ ನಂಬಿಕೆ ಜನರಲ್ಲಿದೆ. ಪೇಟೆಯನ್ನೂ ಅದರ ಮಣ್ಣಿನ ಕೋಟೆಯನ್ನೂ ಕಟ್ಟಿದ ಯಲಹಂಕ ನಾಡಪ್ರಭುಗಳ ಕೈಯಲ್ಲಿ ಈ ಊರು ಒಂದು ಶತಮಾನದಷ್ಟು ಕಾಲ ಮಾತ್ರ ಉಳಿಯಿತು. ಅನಂತರ ಅದು ಬಿಜಾಪುರದವರಿಗೆ, ಅವರಿಂದ ಶಹಾಜಿ ಭೋಂಸ್ಲೆಗೆ, ಮುಂದೆ ಮೊಗಲರಿಗೆ, ಕೊನೆಗೆ 3 ಲಕ್ಷ ರೂಪಾಯಿಗಳ ವ್ಯವಹಾರದಲ್ಲಿ ಮೈಸೂರಿನ ಒಡೆಯರಿಗೆ ಸೇರಿತು. ಕಾವೇರಿ ತೀರದ ಒಂದು ಸಣ್ಣ ಪಾಳೆಯಪಟ್ಟು ದಕ್ಷಿಣ ಭಾರತದ ಪ್ರಬಲ ಸೈನಿಕ ರಾಜ್ಯವಾಗಿ ಬೆಳೆದ ಕಥೆಯಲ್ಲಿ ಬೆಂಗಳೂರಿನ ಈ ಕೈಬದಲು ಒಂದು ಮುಖ್ಯ ತಿರುವು.

ರಾಜ್ಯ ಬೆಳೆದಂತೆಲ್ಲ ಸೈನ್ಯ ಬೆಳೆಯಬೇಕಾಗುತ್ತದೆ, ಸೈನ್ಯ ಬೆಳೆದಂತೆಲ್ಲ ತೆರಿಗೆ ಏರಬೇಕಾಗುತ್ತದೆ. ಸೈನ್ಯದ ಚುಕ್ಕಾಣಿ ಹಿಡಿದವನು ಒಂದಲ್ಲ ಒಂದು ದಿನ ಸಿಂಹಾಸನದ ಕಡೆಗೂ ಕಣ್ಣು ಹಾಯಿಸುತ್ತಾನೆ. ಪ್ರಾಚೀನ ರೋಮ್ ಗಣರಾಜ್ಯ ಎದುರಿಸಿದ ಪ್ರಶ್ನೆಯೂ ಇದೇ ಆಗಿತ್ತು. ಮೈಸೂರಿನಲ್ಲಿ ಸೆನೆಟ್ ಇರಲಿಲ್ಲ, ಚುನಾಯಿತ ಕಾನ್ಸಲ್‌ಗಳಿರಲಿಲ್ಲ. ಆದರೂ ಎರಡು ರಾಜ್ಯಗಳ ಒಳಗಿನ ಬಿರುಕು ಬಹುಮಟ್ಟಿಗೆ ಒಂದೇ ಜಾಗದಲ್ಲಿ ಕಾಣಿಸಿಕೊಂಡಿತು.

ಮೂವತ್ತಮೂರು ಹಳ್ಳಿಗಳಿಂದ

ಸಂಪ್ರದಾಯದ ಪ್ರಕಾರ ಮೈಸೂರಿನ ಯದುವಂಶದ ಆಳ್ವಿಕೆ 1399ರಲ್ಲಿ ಆರಂಭವಾಯಿತು. ಮೊದಲ ಒಂದೂವರೆ ಶತಮಾನದಲ್ಲಿ ಒಡೆಯರು ವಿಜಯನಗರದ ಅಧೀನದಲ್ಲಿದ್ದ ಅನೇಕ ಪಾಳೆಯಗಾರರಲ್ಲಿ ಒಬ್ಬರು. ಅವರ ಪಾಲಿಗಿದ್ದುದು ಮೂವತ್ತಮೂರು ಹಳ್ಳಿಗಳು ಎಂದು ಹಳೆಯ ಬರಹಗಳು ಹೇಳುತ್ತವೆ. 1565ರ ತಾಳಿಕೋಟೆ ಯುದ್ಧದ ನಂತರ ವಿಜಯನಗರದ ಹಿಡಿತ ಸಡಿಲವಾಯಿತು. ಅರಸರು ಹಂಪಿಯನ್ನು ಬಿಟ್ಟು ಪೆನುಕೊಂಡೆಗೆ, ಅಲ್ಲಿಂದ ಚಂದ್ರಗಿರಿಗೆ ಸರಿದರು. ಶ್ರೀರಂಗಪಟ್ಟಣದಲ್ಲಿ ಅವರ ಪ್ರತಿನಿಧಿಯಾಗಿದ್ದ ತಿರುಮಲನಿಗೆ ಸುತ್ತಲಿನ ಪಾಳೆಯಗಾರರನ್ನು ಅಂಕೆಯಲ್ಲಿಡುವ ಶಕ್ತಿ ಉಳಿದಿರಲಿಲ್ಲ.

1578ರಲ್ಲಿ ಪಟ್ಟಕ್ಕೆ ಬಂದ ರಾಜ ಒಡೆಯರು ಈ ದೌರ್ಬಲ್ಯವನ್ನು ಚೆನ್ನಾಗಿ ಅರಿತಿದ್ದರು. 1610ರಲ್ಲಿ ಶ್ರೀರಂಗಪಟ್ಟಣ ಅವರ ವಶವಾಯಿತು. ವಿಜಯನಗರದ ಪರಂಪರೆಯ ನವರಾತ್ರಿ ಉತ್ಸವವನ್ನು ಅದೇ ವರ್ಷ ಅಲ್ಲಿ ಆರಂಭಿಸಿದುದು ಕೇವಲ ಭಕ್ತಿಯ ಕಾರ್ಯವಾಗಿರಲಿಲ್ಲ. ಚಕ್ರವರ್ತಿಯ ಸ್ಥಾನಕ್ಕೆ ತಾವೇ ಉತ್ತರಾಧಿಕಾರಿಗಳು ಎಂಬ ಘೋಷಣೆ ಅದರಲ್ಲಿತ್ತು. ಕುತೂಹಲದ ಸಂಗತಿಯೆಂದರೆ, ಎರಡು ವರ್ಷಗಳ ತರುವಾಯ ವಿಜಯನಗರದ ಅರಸ ವೆಂಕಟಪತಿರಾಯನೇ ಈ ಗೆಲುವಿಗೆ ಸನದಿನ ಮುದ್ರೆ ಒತ್ತಿದ. ತಡೆಯಲಾರದ್ದನ್ನು ದಯಪಾಲಿಸುವುದು ಕುಸಿಯುತ್ತಿರುವ ಸಾಮ್ರಾಜ್ಯಗಳ ಹಳೆಯ ಚಾಳಿ.

ರಾಜ ಒಡೆಯರ ನಂತರ ಬಂದ ಚಾಮರಾಜ ಒಡೆಯರ ಕಾಲದಲ್ಲಿ, 1630ರಲ್ಲಿ, ಜಗದೇವರಾಯನ ಮನೆತನದ ಚನ್ನಪಟ್ಟಣ ಮೈಸೂರಿಗೆ ಸೇರಿತು. ರಾಜ್ಯದ ಗಡಿ ಈಗ ಮಾಗಡಿ ಸೀಮೆಯನ್ನೂ ಬೆಂಗಳೂರನ್ನೂ ಮುಟ್ಟುವಷ್ಟು ಹತ್ತಿರವಾಗಿತ್ತು.

ದಳವಾಯಿ ಎಂಬ ಹುದ್ದೆ

ಮೈಸೂರಿನ ಸೈನಿಕ ವ್ಯವಸ್ಥೆಯ ಕೇಂದ್ರದಲ್ಲಿದ್ದುದು ದಳವಾಯಿ ಹುದ್ದೆ. ದಳವಾಯಿಯೆಂದರೆ ದಂಡಿನ ಮುಖ್ಯಸ್ಥ. ಮೈಸೂರಿನ ಅರಸು ಪಟ್ಟ ಒಡೆಯರಿಗೆ, ದಳವಾಯಿ ಪಟ್ಟ ಕಳಲೆಯ ಮನೆತನಕ್ಕೆ ಎಂಬ ಒಪ್ಪಂದ ರಾಜ ಒಡೆಯರ ಕಾಲದಲ್ಲಿಯೇ ಆಯಿತೆಂದು ಹೇಳಲಾಗುತ್ತದೆ. ಹುದ್ದೆ ಯಾವಾಗಲೂ ಆ ಮನೆತನದಲ್ಲಿಯೇ ಉಳಿಯಲಿಲ್ಲ. ಆದರೆ ಆ ಮಾತನ್ನು ಯಾರೂ ಮರೆಯಲೂ ಇಲ್ಲ.

ಈ ಏರ್ಪಾಟಿನ ಅಪಾಯ ಬಹುಬೇಗ ಗೋಚರಿಸಿತು. 1638ರಲ್ಲಿ ಎಳೆಯ ಅರಸ ಇಮ್ಮಡಿ ರಾಜ ಒಡೆಯರು ದಳವಾಯಿ ವಿಕ್ರಮರಾಯನ ಸಂಚಿನಿಂದ ವಿಷಪ್ರಾಶನವಾಗಿ ತೀರಿಕೊಂಡರು. ಅವರ ನಂತರ ಪಟ್ಟವೇರಿದ ಕಂಠೀರವ ನರಸರಾಜ ಒಡೆಯರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಆ ದಳವಾಯಿಯನ್ನು ಮುಗಿಸಿದುದು. ರಣಧೀರರೆಂದೇ ಹೆಸರಾದ ಈ ಅರಸರು ಸ್ವತಃ ಯೋಧರು. ತಾವೇ ದಂಡಿನ ಮುಂದೆ ನಿಲ್ಲಬಲ್ಲ ದೊರೆಗೆ ದಳವಾಯಿಯ ಭಯವಿರಲಿಲ್ಲ.

ರೋಮನ್ನರು ಇದೇ ಅಪಾಯಕ್ಕೆ ಬೇರೆ ಮದ್ದು ಕಂಡುಕೊಂಡಿದ್ದರು. ಸಂಪ್ರದಾಯದ ಪ್ರಕಾರ ಕ್ರಿ.ಪೂ. 509ರಲ್ಲಿ ಅರಸನನ್ನು ಹೊರಗಟ್ಟಿದ ಮೇಲೆ ಅವರು ಸೈನ್ಯಾಧಿಕಾರವನ್ನು ಇಬ್ಬರು ಕಾನ್ಸಲ್‌ಗಳಿಗೆ ಹಂಚಿ, ಅದಕ್ಕೆ ಒಂದೇ ವರ್ಷದ ಅವಧಿ ವಿಧಿಸಿದರು. ಒಬ್ಬನ ಆಜ್ಞೆಯನ್ನು ಇನ್ನೊಬ್ಬ ತಡೆಯಬಹುದಾಗಿತ್ತು. ಆಪತ್ಕಾಲದಲ್ಲಿ ನೇಮಕವಾಗುತ್ತಿದ್ದ ಸರ್ವಾಧಿಕಾರಿಗೂ ಆರು ತಿಂಗಳಿಗಿಂತ ಹೆಚ್ಚು ಅವಕಾಶವಿರಲಿಲ್ಲ. ಯುದ್ಧಗಳು ಊರ ಸುತ್ತಮುತ್ತ ನಡೆಯುತ್ತಿದ್ದಷ್ಟು ಕಾಲ ಈ ನಿಯಮ ಸರಿಯಾಗಿಯೇ ನಡೆಯಿತು. ಆದರೆ ಕ್ರಿ.ಪೂ. 327ರಲ್ಲಿ ನೇಪಲ್ಸ್ ಮುತ್ತಿಗೆಯ ನಡುವೆ ಕಾನ್ಸಲ್‌ನ ಅವಧಿ ಮುಗಿಯುತ್ತಾ ಬಂದಾಗ, ಅವನನ್ನು ಹಿಂದೆ ಕರೆಸುವ ಬದಲು ಅಧಿಕಾರವನ್ನೇ ಮುಂದುವರಿಸಲಾಯಿತು. ಅನುಕೂಲಕ್ಕೆಂದು ತೆರೆದ ಆ ಸಣ್ಣ ಬಾಗಿಲಿನಿಂದಲೇ ಮುಂದೆ ವರ್ಷಗಟ್ಟಲೆ ದಂಡನ್ನು ಹಿಡಿದಿಟ್ಟುಕೊಳ್ಳುವ ಸೇನಾನಿಗಳು ಒಳಬಂದರು. ಮೈಸೂರಿನಲ್ಲಿಯಾದರೋ ಬಾಗಿಲು ಮೊದಲಿನಿಂದಲೂ ತೆರೆದೇ ಇತ್ತು. ದಳವಾಯಿಗೆ ಅವಧಿಯ ಮಿತಿ ಎಂಬುದು ಇರಲೇ ಇಲ್ಲ.

ಬೆಂಗಳೂರು ಕೈಬದಲಾದದ್ದು

1638ರಲ್ಲಿ ಬಿಜಾಪುರದ ಆದಿಲಶಾಹಿ ಸೇನಾನಿ ರಣದುಲ್ಲಾ ಖಾನ್ ದಕ್ಷಿಣಕ್ಕೆ ದಂಡೆತ್ತಿ ಬಂದ. ಜೊತೆಗೆ ಶಹಾಜಿ ಭೋಂಸ್ಲೆಯೂ ಇದ್ದ. ಬೆಂಗಳೂರು ನಾಡಪ್ರಭುಗಳ ಕೈತಪ್ಪಿತು, ಅವರು ಮಾಗಡಿಗೆ ಸರಿದರು. ಮುಂದಿನ ವರ್ಷ ಅದೇ ಸೈನ್ಯ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿತು. ಕಂಠೀರವ ನರಸರಾಜ ಒಡೆಯರು ಅದನ್ನು ಹಿಮ್ಮೆಟ್ಟಿಸಿದರು. ಈ ಗೆಲುವಿನ ನಂತರ ಅವರು ಶ್ರೀರಂಗಪಟ್ಟಣದ ಕೋಟೆಯನ್ನು ಬಲಪಡಿಸಿದರು, ತಮ್ಮದೇ ಟಂಕಸಾಲೆಯನ್ನು ಸ್ಥಾಪಿಸಿ ಚಿನ್ನದ ಹಣವನ್ನು ಅಚ್ಚುಹಾಕಿಸಿದರು. ಕಂಠೀರಾಯಿ ಹಣ ಎಂಬ ಆ ಹೆಸರು ಅವರು ತೀರಿಕೊಂಡ ಬಹುಕಾಲದ ನಂತರವೂ ಲೆಕ್ಕದ ಕಡತಗಳಲ್ಲಿ ಉಳಿಯಿತು. ಯಲಹಂಕದ ಕೆಂಪೇಗೌಡರು ಸ್ವಂತ ನಾಣ್ಯ ಹೊಡೆಸಿದ್ದಕ್ಕೆ ವಿಜಯನಗರದವರು ಅವರನ್ನು ಆನೆಗೊಂದಿಯಲ್ಲಿ ಸೆರೆಯಲ್ಲಿಟ್ಟಿದ್ದರು ಎಂಬ ಐತಿಹ್ಯವನ್ನು ಇಲ್ಲಿ ನೆನೆಯಬಹುದು. ಒಂದು ಶತಮಾನದ ಹಿಂದೆ ಅಪರಾಧವಾಗಿದ್ದುದು ಈಗ ಸಾರ್ವಭೌಮತ್ವದ ಗುರುತಾಗಿತ್ತು.

ಬೆಂಗಳೂರು ಶಹಾಜಿಗೆ ಜಹಗೀರಾಗಿ ದೊರೆಯಿತು. 1664ರಲ್ಲಿ ಅವನು ಚನ್ನಗಿರಿಯ ಬಳಿಯ ಹೊದಿಗೆರೆಯಲ್ಲಿ ತೀರಿಕೊಂಡ ಮೇಲೆ ಮಗ ಏಕೋಜಿ ಅದನ್ನು ನೋಡಿಕೊಂಡ. ಆದರೆ ಏಕೋಜಿ ತಂಜಾವೂರಿನಲ್ಲಿ ರಾಜ್ಯ ಕಟ್ಟಿಕೊಂಡ ನಂತರ ದೂರದ ಬೆಂಗಳೂರು ಅವನಿಗೆ ಆದಾಯಕ್ಕಿಂತ ಹೊರೆಯಾಯಿತು. ಅದನ್ನು ಮಾರುವ ಮಾತುಕತೆಯನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರ ಜೊತೆ ಆರಂಭಿಸಿದ. ಬೆಲೆ 3 ಲಕ್ಷ ರೂಪಾಯಿ. ಅಷ್ಟರಲ್ಲಿ ಔರಂಗಜೇಬನ ದಂಡು 1686ರಲ್ಲಿ ಬಿಜಾಪುರವನ್ನು ನುಂಗಿ ದಕ್ಷಿಣಕ್ಕೆ ಹರಿಯಿತು. 1687ರ ಜುಲೈನಲ್ಲಿ ಮೊಗಲ್ ಸೇನಾನಿ ಖಾಸಿಂ ಖಾನ್ ಬೆಂಗಳೂರಿನ ಕೋಟೆಯ ಮೇಲೆ ತನ್ನ ಬಾವುಟ ಏರಿಸಿದ. ಚಿಕ್ಕದೇವರಾಜರು ಖಾಸಿಂ ಖಾನನೊಡನೆ ಕಾದಾಡಲಿಲ್ಲ. ಏಕೋಜಿಗೆ ಕೊಡಬೇಕಾಗಿದ್ದ ಅದೇ 3 ಲಕ್ಷವನ್ನು ಅವನಿಗೆ ಕೊಟ್ಟು ಊರನ್ನು ಪಡೆದುಕೊಂಡರು. ಮೊಗಲರು ಸಿರಾವನ್ನು ತಮ್ಮ ಆಡಳಿತದ ನೆಲೆ ಮಾಡಿಕೊಂಡರು.

ಪೇಟೆಯ ದಕ್ಷಿಣಕ್ಕೆ ಹೊಸ ಕೋಟೆಯೊಂದು ಎದ್ದದ್ದು ಈ ಹಸ್ತಾಂತರದ ನಂತರವೇ. ಅದರ ಪಕ್ಕದ ಕೋಟೆ ವೆಂಕಟರಮಣ ದೇವಾಲಯವೂ ಚಿಕ್ಕದೇವರಾಜರ ಕಾಲದ್ದು. ಈ ಕೋಟೆಯಿಂದ ಬಸವನಗುಡಿಯ ದಿಣ್ಣೆಯ ಕಡೆಗೆ ನೋಡಿದರೆ ಆಗ ಕಾಣುತ್ತಿದ್ದುದು ದೊಡ್ಡ ಬಸವನ ಗುಡಿ, ಗವಿ ಗಂಗಾಧರೇಶ್ವರನ ಬೆಟ್ಟ, ಕೆರೆ ಮತ್ತು ಗಡಿಗೋಪುರ. ಬಸವನಗುಡಿ ಬಡಾವಣೆ ರೂಪುಗೊಂಡದ್ದು 1898ರ ಪ್ಲೇಗ್‌ನ ಕಾಲದಲ್ಲಿ. ಹನುಮಂತನಗರ ಬಂದದ್ದು ಅದಕ್ಕಿಂತಲೂ ಈಚೆಗೆ.

ಅಠಾರಾ ಕಚೇರಿ

1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಮೈಸೂರಿನ ಆಡಳಿತಕ್ಕೆ ಲಿಖಿತ ರೂಪ ಕೊಟ್ಟ ಅರಸರು. ಅವರ ಹಿಂದಿನವರು ಗೆದ್ದರು, ಇವರು ಗೆದ್ದದ್ದನ್ನು ಲೆಕ್ಕಕ್ಕೆ ತಂದರು. 1700ರ ಸುಮಾರಿಗೆ ಔರಂಗಜೇಬನ ಬಳಿಗೆ ಹೋಗಿ ಬಂದ ರಾಯಭಾರಿಗಳು ಮೊಗಲ್ ಆಡಳಿತದ ಕ್ರಮವನ್ನು ಕಂಡು ವರದಿ ತಂದರು. ಅದರ ಮಾದರಿಯಲ್ಲಿ ಹದಿನೆಂಟು ಇಲಾಖೆಗಳ ವ್ಯವಸ್ಥೆ ರೂಪುಗೊಂಡಿತು. ಹಿಂದೂಸ್ತಾನಿಯ ಹದಿನೆಂಟೇ ಕನ್ನಡದ ಬಾಯಲ್ಲಿ ಅಠಾರಾ ಕಚೇರಿಯಾಯಿತು.

ಈ ಇಲಾಖೆಗಳ ಹೆಸರುಗಳೇ ರಾಜ್ಯ ಏನನ್ನು ಮುಖ್ಯವೆಂದು ಭಾವಿಸಿತ್ತು ಎಂಬುದನ್ನು ತಿಳಿಸುತ್ತವೆ. ನಿರೂಪದ ಚಾವಡಿಯಲ್ಲಿ ಅರ್ಜಿಗಳನ್ನು ಸ್ವೀಕರಿಸಿ ಆಜ್ಞೆಗಳನ್ನು ಹೊರಡಿಸಲಾಗುತ್ತಿತ್ತು. ಆಯಕಟ್ಟಿನ ಚಾವಡಿ ಲೆಕ್ಕಪತ್ರದ್ದು. ಕಂದಾಯದ ವಿಚಾರಕ್ಕೆ ಕಾವೇರಿಯ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಎಂದು ಎರಡು ಹೋಬಳಿಗಳಿದ್ದವು. ಸೈನ್ಯದ ಲೆಕ್ಕವೂ ಎರಡಾಗಿ ಒಡೆದಿತ್ತು. ಸೀಮೆಯ ಕಂದಾಚಾರ ನಾಡಿನಲ್ಲಿ ಹರಡಿದ್ದ ಕಾಲಾಳುಗಳದು, ಬಾಗಿಲ ಕಂದಾಚಾರ ಅರಮನೆಯ ಬಾಗಿಲಲ್ಲಿದ್ದ ದಂಡಿನದು. ಸುಂಕದ ಚಾವಡಿ, ದೇವಸ್ಥಾನದ ಚಾವಡಿ, ಕಬ್ಬಿಣದ ಚಾವಡಿ, ಹೊಗೆಸೊಪ್ಪಿನ ಚಾವಡಿಗಳಿದ್ದವು. ಕಬ್ಬಿಣವನ್ನೂ ಹೊಗೆಸೊಪ್ಪನ್ನೂ ಸರ್ಕಾರವೇ ಕೊಂಡು ಮಾರುತ್ತಿತ್ತು.

ಬೇಹಿನ ಚಾವಡಿ ಪ್ರತ್ಯೇಕ ಗಮನಕ್ಕೆ ಅರ್ಹವಾದುದು. ಅದು ಅಂಚೆಯ ಇಲಾಖೆಯೂ ಹೌದು, ಗೂಢಚಾರ ಇಲಾಖೆಯೂ ಹೌದು. ಪತ್ರ ಹೊತ್ತು ಓಡುವ ಅಂಚೆಯವನು ದಾರಿಯಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಒಪ್ಪಿಸಬೇಕಾಗಿತ್ತು. ಮೈಸೂರಿನ ಪ್ರಜೆಗೆ ಅಂಚೆ ಎಂಬುದು ಮೊದಲು ಪರಿಚಯವಾದದ್ದು ಸೌಕರ್ಯವಾಗಿ ಅಲ್ಲ, ಅರಸನ ಕಿವಿಯಾಗಿ.

ಇನ್ನೊಂದು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನದ ಹಿಂಡುಗಳ ಇಲಾಖೆಯಿದು. ಹೆಸರು ಕೇಳಿದರೆ ಯುದ್ಧಕ್ಕೂ ಅದಕ್ಕೂ ಸಂಬಂಧವೇ ಇಲ್ಲವೆನಿಸುತ್ತದೆ. ಆದರೆ ಆ ಹಿಂಡುಗಳಲ್ಲಿ ಹುಟ್ಟಿದ ಎತ್ತುಗಳು ಮುಂದಿನ ಶತಮಾನದಲ್ಲಿ ಹೈದರ್ ಮತ್ತು ಟಿಪ್ಪುವಿನ ಫಿರಂಗಿಗಳನ್ನು ಎಳೆದವು. ಎದುರಾಳಿಗಳು ಬೆರಗಾಗುವಷ್ಟು ವೇಗದಲ್ಲಿ ಮೈಸೂರಿನ ದಂಡು ಚಲಿಸುತ್ತಿದ್ದುದರ ಹಿಂದೆ ಈ ತಳಿಯಿತ್ತು. ಟಿಪ್ಪು ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟ.

ನೇಗಿಲು ಮರಕ್ಕೇರಿದಾಗ

ಇಷ್ಟು ದೊಡ್ಡ ಯಂತ್ರ ನಡೆಯಲು ಹಣ ಬೇಕು. ಚಿಕ್ಕದೇವರಾಜರು ಎಲ್ಲ ದಿಕ್ಕುಗಳಲ್ಲಿಯೂ ಯುದ್ಧದಲ್ಲಿದ್ದರು. ದಳವಾಯಿ ಕುಮಾರಯ್ಯ ದಕ್ಷಿಣದಲ್ಲಿ ತಿರುಚಿರಾಪಳ್ಳಿಯ ಕಡೆಗೆ ದಂಡೆತ್ತಿದ್ದ. 1682ರಲ್ಲಿ ಮರಾಠರ ಸೈನ್ಯ ಶ್ರೀರಂಗಪಟ್ಟಣದ ಹೊಸ್ತಿಲಿಗೇ ಬಂದು ಸೋತು ಹೋಗಿತ್ತು. ಬೆಳೆಯ ಆರನೆಯ ಒಂದು ಪಾಲು ಅರಸನದು ಎಂಬುದು ಶಾಸ್ತ್ರಸಮ್ಮತ ವಾಡಿಕೆ. ಅದನ್ನು ಬಹಿರಂಗವಾಗಿ ಮೀರುವುದು ಅಪಕೀರ್ತಿಗೆ ದಾರಿ. ಹಾಗಾಗಿ ಕಂದಾಯದ ದರವನ್ನು ಮುಟ್ಟದೆ, ಅದರ ಪಕ್ಕದಲ್ಲಿ ಸಣ್ಣಪುಟ್ಟ ಬಾಬುಗಳನ್ನು ಒಂದರ ಮೇಲೊಂದರಂತೆ ಹೇರಲಾಯಿತು. ಒಟ್ಟು ಹೊರೆ ಆರನೆಯ ಒಂದು ಪಾಲನ್ನು ಎಂದೋ ದಾಟಿತ್ತು. ಕಾಗದದ ಮೇಲೆ ಮಾತ್ರ ಅದು ಅಷ್ಟೇ ಇತ್ತು. ಭೂಮಿ ಹೊಂದಿದ್ದ ಸೈನಿಕರಿಗೆ ಈ ಬಾಬುಗಳಲ್ಲಿ ರಿಯಾಯಿತಿ ದೊರೆತದ್ದು ಆಕಸ್ಮಿಕವಲ್ಲ.

ರೈತರು ಪ್ರತಿಭಟಿಸಿದರು. ಹೊಲ ಉಳುವುದನ್ನು ನಿಲ್ಲಿಸಿ, ಊರ ಬಾಗಿಲಿನ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿದರು ಎಂದು ಕರ್ನಲ್ ಮಾರ್ಕ್ ವಿಲ್ಕ್ಸ್ ಬರೆಯುತ್ತಾನೆ. ಚಳವಳಿಯ ಹಿಂದೆ ಜಂಗಮರಿದ್ದಾರೆ ಎಂದು ಅರಮನೆ ಭಾವಿಸಿತು. ನಂಜನಗೂಡಿಗೆ ಕರೆಸಲಾದ ನಾನೂರಕ್ಕೂ ಹೆಚ್ಚು ಜಂಗಮರನ್ನು ಕೊಲ್ಲಿಸಲಾಯಿತು, ಮಠಗಳನ್ನು ಕೆಡವಲಾಯಿತು, ಗುಂಪುಗೂಡಿದ ರೈತರ ಮೇಲೆ ಕುದುರೆ ದಂಡು ನುಗ್ಗಿತು ಎಂಬುದೂ ಅವನ ವಿವರಣೆ. ವಿಲ್ಕ್ಸ್ ಬರೆದದ್ದು ಘಟನೆ ನಡೆದು ಒಂದು ಶತಮಾನಕ್ಕಿಂತ ಹೆಚ್ಚು ಕಾಲದ ನಂತರ. ಅವನ ಗ್ರಂಥದ ಮೊದಲ ಸಂಪುಟ ಪ್ರಕಟವಾದದ್ದು 1810ರಲ್ಲಿ. ಹೀಗಾಗಿ ಅವನ ಸಂಖ್ಯೆಗಳನ್ನೂ ಕಥನದ ಕೆಲವು ಭಾಗಗಳನ್ನೂ ಎಲ್ಲ ಇತಿಹಾಸಕಾರರು ಒಪ್ಪಿಲ್ಲ. ಆದರೆ ದಂಗೆ ನಡೆದದ್ದು, ಅದನ್ನು ಕಠೋರವಾಗಿ ಅಡಗಿಸಿದ್ದು, ತೆರಿಗೆ ನೀತಿಯ ಸೂತ್ರಧಾರನೆಂದು ಜನ ತಿಳಿದಿದ್ದ ಮಂತ್ರಿ ವಿಶಾಲಾಕ್ಷ ಪಂಡಿತ ಕೊಲೆಯಾದದ್ದು ಈ ಮೂರನ್ನೂ ತಳ್ಳಿಹಾಕುವುದು ಕಷ್ಟ. ಯಳಂದೂರಿನ ಈ ಜೈನ ವಿದ್ವಾಂಸ ಅರಸರ ಬಾಲ್ಯದ ಒಡನಾಡಿ. ಅವನ ನಂತರ ಮಂತ್ರಿಯಾದವರು ಕವಿ ತಿರುಮಲಾರ್ಯ.

ಅರಸರು ಪ್ರತಿದಿನ ಬೆಳಿಗ್ಗೆ ಸಾವಿರ ವರಹಗಳ ಎರಡು ಚೀಲಗಳನ್ನು ಖಜಾನೆಗೆ ಸೇರಿಸದೆ ಊಟಕ್ಕೆ ಕೂರುತ್ತಿರಲಿಲ್ಲ ಎಂಬ ಕಥೆಯನ್ನು ಹೇಳಿದವನೂ ವಿಲ್ಕ್ಸನೇ. ನವಕೋಟಿ ನಾರಾಯಣ ಎಂಬ ಬಿರುದು ಆ ಖಜಾನೆಗೆ ಸಂದ ಗೌರವ. ಇದೇ ಅರಸರ ಆಸ್ಥಾನದಲ್ಲಿ ಸಂಚಿಯ ಹೊನ್ನಮ್ಮ ಹದಿಬದೆಯ ಧರ್ಮವನ್ನು ರಚಿಸಿದಳು, ಸಿಂಗರಾರ್ಯ ಕನ್ನಡದ ಮೊದಲ ಲಭ್ಯ ನಾಟಕ ಮಿತ್ರವಿಂದಾ ಗೋವಿಂದವನ್ನು ಬರೆದ. ಚಿಕ್ಕದೇವರಾಜಸಾಗರ ನಾಲೆ ಅವರ ಹೆಸರನ್ನು ಹೊತ್ತು ಮಂಡ್ಯ ಸೀಮೆಯ ಗದ್ದೆಗಳಿಗೆ ನೀರು ಹರಿಸಿತು. ಒಂದೇ ಆಳ್ವಿಕೆಯಲ್ಲಿ ನಾಲೆಯೂ ನಂಜನಗೂಡೂ ಇವೆ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವ ಪರಿಪಾಠ ನಮ್ಮ ಪಠ್ಯಪುಸ್ತಕಗಳಲ್ಲಿ ಬಹುಕಾಲ ನಡೆದಿದೆ.

ರೋಮ್‌ನ ಅನುಭವ ಇಲ್ಲಿ ವಿರುದ್ಧ ದಿಕ್ಕಿನದು. ಕ್ರಿ.ಪೂ. 167ರಲ್ಲಿ ಮೆಸಿಡೋನಿಯಾದ ಲೂಟಿ ಖಜಾನೆಯನ್ನು ತುಂಬಿದ ಮೇಲೆ ರೋಮ್ ತನ್ನ ಪ್ರಜೆಗಳ ಮೇಲಿನ ನೇರ ಯುದ್ಧತೆರಿಗೆಯನ್ನು ನಿಲ್ಲಿಸಿತು. ಅಲ್ಲಿಂದ ಮುಂದೆ ಹೊರೆ ಹೊತ್ತವರು ಗೆದ್ದ ಪ್ರಾಂತಗಳವರು. ಮೈಸೂರಿನ ವಿಸ್ತರಣೆಗೆ ಅಂಥ ಶ್ರೀಮಂತ ಪ್ರಾಂತಗಳು ದೊರೆಯಲಿಲ್ಲ. ಗೆದ್ದ ಸೀಮೆಗಳೂ ಒಣಭೂಮಿಯ ರಾಗಿ ಸೀಮೆಗಳೇ. ಆದಕಾರಣ ರಾಜ್ಯ ಹಿಗ್ಗಿದಷ್ಟೂ ಒಳಗಿನ ರೈತನ ಮೇಲಿನ ಒತ್ತಡ ಹೆಚ್ಚಿತು. ಹಾಗೆಂದು ರೋಮ್‌ನ ರೈತ ಸುಖವಾಗಿದ್ದನೆಂದಲ್ಲ. ವರ್ಷಗಟ್ಟಲೆ ಸ್ಪೇನ್‌ನಲ್ಲೋ ಆಫ್ರಿಕಾದಲ್ಲೋ ಕಾದಾಡಿ ಹಿಂತಿರುಗಿದವನು ಹೊಲ ಪರರ ಪಾಲಾದುದನ್ನು ಕಾಣುತ್ತಿದ್ದ. ಒಂದು ಕಡೆ ಕಂದಾಯ, ಇನ್ನೊಂದು ಕಡೆ ದೀರ್ಘ ಸೇವೆ. ನೇಗಿಲು ಬಿಟ್ಟವನು ಮಾತ್ರ ಎರಡೂ ಕಡೆ ಅವನೇ.

ದಳವಾಯಿಗಳ ಕಾಲ

1704ರಲ್ಲಿ ಚಿಕ್ಕದೇವರಾಜರು ತೀರಿಕೊಂಡರು. ಅವರ ಮಗ ಕಂಠೀರವ ಒಡೆಯರು ಹುಟ್ಟಿನಿಂದ ಮೂಕರು, ಮೂಕರಸು ಎಂದೇ ಪ್ರಸಿದ್ಧರು. ಮಾತು ಬಾರದ ಅರಸನ ಪರವಾಗಿ ಮಾತನಾಡುವವರು ಬೇಕಾಯಿತು. ಅಠಾರಾ ಕಚೇರಿಯ ಕಡತಗಳು ಯಥಾಪ್ರಕಾರ ನಡೆಯುತ್ತಿದ್ದವು. ಸಮರ್ಥ ಅರಸನಿಗಾಗಿ ರೂಪಿಸಿದ ಯಂತ್ರ ಅಸಮರ್ಥ ಅರಸನ ಕಾಲದಲ್ಲಿಯೂ ನಿಲ್ಲಲಿಲ್ಲ, ನಡೆಸುವ ಕೈ ಮಾತ್ರ ಬೇರೆಯಾಯಿತು.

ದೊಡ್ಡ ಕೃಷ್ಣರಾಜ ಒಡೆಯರ ಕಾಲಕ್ಕೆ, ಅಂದರೆ 1714ರಿಂದ 1732ರೊಳಗೆ, ಕಳಲೆಯ ಮನೆತನ ಹಿಡಿತ ಬಿಗಿಗೊಳಿಸಿತು. 1728ರಲ್ಲಿ ದಳವಾಯಿ ದೇವರಾಜಯ್ಯನ ಸೈನ್ಯ ಮಾಗಡಿ ಮತ್ತು ಸಾವನದುರ್ಗಗಳನ್ನು ಗೆದ್ದಿತು. ಬೆಂಗಳೂರು ಕಟ್ಟಿದ ಮನೆತನದ ಕೊನೆಯ ಅರಸ ಶ್ರೀರಂಗಪಟ್ಟಣದ ಸೆರೆಯಲ್ಲಿ ತೀರಿಕೊಂಡ. ಮುಂದಿನ ಅರಸ ಚಾಮರಾಜ ಒಡೆಯರು ದಳವಾಯಿಗಳ ಮಾತು ಮೀರಲು ಯತ್ನಿಸಿದಾಗ, 1734ರಲ್ಲಿ ಅವರನ್ನು ಪದಚ್ಯುತಗೊಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಲಾಯಿತು. ಅವರು ಅಲ್ಲಿಂದ ಹಿಂತಿರುಗಲಿಲ್ಲ. ದತ್ತಕ ತೆಗೆದುಕೊಂಡ ಬಾಲಕ ಇಮ್ಮಡಿ ಕೃಷ್ಣರಾಜ ಒಡೆಯರು ಪಟ್ಟವೇರಿದರು. ದಳವಾಯಿ ದೇವರಾಜಯ್ಯ, ಸರ್ವಾಧಿಕಾರಿ ನಂಜರಾಜಯ್ಯ ಎಂಬ ಸೋದರರು ರಾಜ್ಯವನ್ನು ಆಳಿದರು.

ನಂಜರಾಜಯ್ಯ ಕವಿ, ಶಿವಭಕ್ತ, ಮಹತ್ವಾಕಾಂಕ್ಷಿ. ಆರ್ಕಾಟಿನ ಗದ್ದುಗೆಗಾಗಿ ಹೋರಾಡುತ್ತಿದ್ದ ಮಹಮ್ಮದಾಲಿ, ತನಗೆ ನೆರವಾದರೆ ತಿರುಚಿರಾಪಳ್ಳಿಯನ್ನು ಬಿಟ್ಟುಕೊಡುವುದಾಗಿ ಮಾತು ಕೊಟ್ಟ. ನಂಜರಾಜಯ್ಯ ಅದನ್ನು ನಂಬಿ 1752ರಲ್ಲಿ ದೊಡ್ಡ ದಂಡಿನೊಡನೆ ಘಟ್ಟ ಇಳಿದ. ಕೆಲಸ ಮುಗಿದ ಮೇಲೆ ಮಹಮ್ಮದಾಲಿ ಮಾತು ತಪ್ಪಿದ. ಮೂರು ವರ್ಷಗಳ ವೆಚ್ಚದ ನಂತರ 1755ರಲ್ಲಿ ಬರಿಗೈಯಲ್ಲಿ ಹಿಂತಿರುಗಿದಾಗ ನವಕೋಟಿಯ ಖಜಾನೆ ಬರಿದಾಗಿತ್ತು. ಅದೇ ಸಮಯಕ್ಕೆ ಹೈದರಾಬಾದಿನ ಸಲಾಬತ್ ಜಂಗ್ ಫ್ರೆಂಚ್ ಸೇನಾನಿ ಬುಸ್ಸಿಯೊಡನೆ ಬಂದು ಕಪ್ಪ ಕೇಳಿದ. 1757ರಲ್ಲಿ ಪೇಶ್ವೆ ಬಾಲಾಜಿ ಬಾಜೀರಾಯನ ಮುತ್ತಿಗೆ. ಒಪ್ಪಿಕೊಂಡ ಮೊತ್ತ 32 ಲಕ್ಷ ರೂಪಾಯಿ, ಕೈಯಲ್ಲಿದ್ದುದು ಅಲ್ಪ. ಉಳಿದದ್ದಕ್ಕೆ ಸೀಮೆಗಳನ್ನೇ ಒತ್ತೆಯಿಡಬೇಕಾಯಿತು. ಇವುಗಳ ನಡುವೆ 1756ರಲ್ಲಿ ಯುವ ಅರಸರು ಸ್ವತಂತ್ರರಾಗಲು ಹವಣಿಸಿದ್ದನ್ನು ಅರಿತ ನಂಜರಾಜಯ್ಯ ಅರಮನೆಯ ಬಾಗಿಲಿಗೇ ಫಿರಂಗಿ ಹಚ್ಚಿಸಿದ.

1758ರಲ್ಲಿ ಸಂಬಳ ಕಾಣದ ಸಿಪಾಯಿಗಳು ನಂಜರಾಜಯ್ಯನ ಮನೆಯ ಬಾಗಿಲಲ್ಲಿ ಧರಣಿ ಕೂತರು. ಅವರ ಬಾಕಿಯನ್ನು ತೀರಿಸಲು ಏರ್ಪಾಟು ಮಾಡಿದವನು ಹೈದರ್ ಅಲಿ. 1749ರ ದೇವನಹಳ್ಳಿ ಮುತ್ತಿಗೆಯಲ್ಲಿ ಗಮನ ಸೆಳೆದು, ದಿಂಡಿಗಲ್ಲಿನ ಫೌಜುದಾರನಾಗಿ ಫ್ರೆಂಚ್ ಕುಶಲಕರ್ಮಿಗಳ ನೆರವಿನಿಂದ ಮದ್ದುಗುಂಡಿನ ಕಾರ್ಖಾನೆ ನಡೆಸಿದ್ದ ಈ ಸೇನಾನಿಗೆ ಸೈನಿಕನ ಹೊಟ್ಟೆಯ ಬೆಲೆ ಗೊತ್ತಿತ್ತು. ಆ ಧರಣಿಯ ದಿನದಿಂದ ಮೈಸೂರಿನ ದಂಡು ಯಾರ ಕಡೆ ನೋಡಬೇಕೆಂಬುದು ಬಹುಮಟ್ಟಿಗೆ ತೀರ್ಮಾನವಾದಂತಾಯಿತು. ಕ್ರಿ.ಪೂ. 107ರಲ್ಲಿ ಮೇರಿಯಸ್ ಆಸ್ತಿಯಿಲ್ಲದ ಬಡವರನ್ನು ಸೈನ್ಯಕ್ಕೆ ಸೇರಿಸಿಕೊಂಡ. ಅವರ ಸಂಬಳ, ಲೂಟಿಯ ಪಾಲು, ಸೇವೆಯ ನಂತರದ ಭೂಮಿ ಎಲ್ಲವೂ ಸೇನಾನಿಯ ಕೃಪೆಯನ್ನು ಅವಲಂಬಿಸಿದವು. ಇಪ್ಪತ್ತು ವರ್ಷ ಕಳೆಯುವುದರೊಳಗೆ, ಕ್ರಿ.ಪೂ. 88ರಲ್ಲಿ, ಸುಲ್ಲಾ ತನ್ನ ದಂಡನ್ನು ರೋಮ್ ನಗರದ ಮೇಲೆಯೇ ನಡೆಸಿದ. ಸಂಬಳ ಯಾರಿಂದ ಬರುತ್ತದೆಯೋ ನಿಷ್ಠೆ ಅವರಿಗೆ ಎಂಬುದನ್ನು ಟೈಬರ್ ತೀರದಲ್ಲಿಯೂ ಕಾವೇರಿ ತೀರದಲ್ಲಿಯೂ ಸಿಪಾಯಿಗಳು ಒಂದೇ ರೀತಿಯಲ್ಲಿ ಅರ್ಥಮಾಡಿಕೊಂಡರು.

ಬೆಂಗಳೂರಿನ ಆಸರೆ

ಬೆಂಗಳೂರು ಹೈದರನಿಗೆ ಜಹಗೀರಾಗಿ ಬಂದಿತ್ತು. ಆ ಊರು ಅವನ ಅದೃಷ್ಟವನ್ನು ಉಳಿಸಿತು. 1760ರಲ್ಲಿ ಅವನ ಸಹಾಯಕನಾಗಿದ್ದ ಖಂಡೇರಾಯ ಅರಮನೆಯ ಪರವಾಗಿ ತಿರುಗಿಬಿದ್ದಾಗ ಹೈದರ್ ಶ್ರೀರಂಗಪಟ್ಟಣದಿಂದ ರಾತ್ರೋರಾತ್ರಿ ನದಿ ದಾಟಿ ಓಡಿದ್ದು ಬೆಂಗಳೂರಿಗೆ. ಇಲ್ಲಿ ಹಣವನ್ನೂ ಜನರನ್ನೂ ಕೂಡಿಸಿಕೊಂಡು ಹಿಂತಿರುಗಿ, 1761ರಲ್ಲಿ ಅಧಿಕಾರ ಹಿಡಿದ. ಚಿಕ್ಕದೇವರಾಜರ ಕಾಲದ ಮಣ್ಣಿನ ಕೋಟೆ ಕಲ್ಲಿನದಾದದ್ದೂ ಆ ವರ್ಷದ ಆಸುಪಾಸಿನಲ್ಲಿ. ಕೃಷ್ಣರಾಜ ಮಾರುಕಟ್ಟೆಯ ಬಳಿ ಉಳಿದಿರುವ ದಿಲ್ಲಿ ಬಾಗಿಲಿನ ಭಾಗ ಆ ಕೋಟೆಯದು.

ಹೈದರ್ ಸಿಂಹಾಸನದ ಮೇಲೆ ಕೂರಲಿಲ್ಲ. ಒಡೆಯರನ್ನು ಅರಮನೆಯಲ್ಲಿಟ್ಟು ದಸರೆಯ ದಿನ ಜನರಿಗೆ ದರ್ಶನ ಕೊಡಿಸುತ್ತಿದ್ದ. ದಳವಾಯಿ ಸೋದರರು ರೂಢಿಗೆ ತಂದದ್ದನ್ನೇ ಅವನು ಪೂರ್ಣಗೊಳಿಸಿದ. 1763ರಲ್ಲಿ ಬಿದನೂರು ಅವನ ವಶವಾದಾಗ ಮೈಸೂರಿಗೆ ಮೊದಲ ಬಾರಿಗೆ ನಿಜವಾದ ಸಂಪತ್ತಿನ ಪ್ರಾಂತವೂ ಕಡಲತೀರವೂ ದೊರೆತವು. ಆಮೇಲಿನ ಕಥೆ ಹೆಚ್ಚು ಪರಿಚಿತ: 1780ರ ಪೊಳ್ಳಿಲೂರಿನ ಗೆಲುವು, 1782ರಲ್ಲಿ ಹೈದರನ ಮರಣ, ಟಿಪ್ಪುವಿನ ಆಳ್ವಿಕೆ. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಪೇಟೆಯನ್ನೂ, 21ರ ರಾತ್ರಿ ಕೋಟೆಯನ್ನೂ ಹಿಡಿಯಿತು. ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಮಡಿದ. 1792ರ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ತೆರಲು ಒಪ್ಪಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು.

ಅನಂತರದ ಲೆಕ್ಕ

ಒಡೆಯರಿಗೆ ಮರಳಿ ದೊರೆತ ರಾಜ್ಯದಲ್ಲಿ ದಂಡಿನ ಪ್ರಶ್ನೆ ಬೇರೆ ರೂಪ ತಾಳಿತು. ರಕ್ಷಣೆಯ ಹೊಣೆ ಕಂಪನಿಯದು, ಅದಕ್ಕೆ ಪ್ರತಿವರ್ಷ 7 ಲಕ್ಷ ವರಹ ಕೊಡುವ ಹೊಣೆ ಮೈಸೂರಿನದು. ದಂಡೆತ್ತಿ ಹೋಗಲು ದಿಕ್ಕೇ ಇಲ್ಲದ ರಾಜ್ಯ ದಂಡಿನ ಖರ್ಚನ್ನು ಮಾತ್ರ ತೆರುತ್ತಲೇ ಹೋಯಿತು. 1830–31ರಲ್ಲಿ ನಗರ ಸೀಮೆಯ ರೈತರು ಕಂದಾಯದ ವಿರುದ್ಧ ಎದ್ದರು. ನೂರೈವತ್ತು ವರ್ಷಗಳ ಹಿಂದಿನ ನೇಗಿಲಿನ ದಂಗೆಯನ್ನು ಅರಮನೆ ತಾನೇ ಅಡಗಿಸಿತ್ತು. ಈ ಬಾರಿ ದಂಗೆಯ ನೆಪದಲ್ಲಿ ಬ್ರಿಟಿಷರು ಆಡಳಿತವನ್ನೇ ಕೈಗೆತ್ತಿಕೊಂಡು ಐವತ್ತು ವರ್ಷ ಬಿಟ್ಟುಕೊಡಲಿಲ್ಲ. 1881ರಲ್ಲಿ ರಾಜ್ಯ ಹಿಂತಿರುಗಿದ ವರ್ಷವೇ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ಅದಕ್ಕೆ ಶಾಸನಾಧಿಕಾರವಿರಲಿಲ್ಲ, ಅಹವಾಲು ಹೇಳಿಕೊಳ್ಳುವ ಅವಕಾಶವಿತ್ತು. ಕಂದಾಯ ತೆರುವವರು ಊರ ಮರಕ್ಕೆ ನೇಗಿಲು ಕಟ್ಟದೆ ದೂರು ಸಲ್ಲಿಸಬಹುದಾದ ಮೊದಲ ಜಾಗ ಅದು.

ಹದಿನೆಂಟು ಚಾವಡಿಗಳಲ್ಲಿ ಹೆಚ್ಚಿನವು ಹೆಸರು ಬದಲಿಸಿಕೊಂಡವು ಇಲ್ಲವೇ ಮಾಯವಾದವು. ಬೇಹಿನ ಕೆಲಸವನ್ನು ಕಳಚಿಕೊಂಡು ಬರಿಯ ಅಂಚೆಯಾಗಿ ಉಳಿದಿದ್ದ ಇಲಾಖೆ 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಕಂದಾಚಾರದ ಕಾಲಾಳುಗಳು ಕ್ರಮೇಣ ಪೊಲೀಸ್ ವ್ಯವಸ್ಥೆಯೊಳಗೆ ಕರಗಿದರು. ಎಲ್ಲಕ್ಕಿಂತ ದೀರ್ಘಾಯುವಾದದ್ದು ಬೆಣ್ಣೆ ಚಾವಡಿ. ಫಿರಂಗಿ ಎಳೆಯುವ ಕೆಲಸ ತಪ್ಪಿದರೂ ಅಮೃತಮಹಲ್ ತಳಿಯ ದನಗಳನ್ನು ಚಿಕ್ಕಮಗಳೂರು ಜಿಲ್ಲೆಯ ಅಜ್ಜಂಪುರದ ಸರ್ಕಾರಿ ಕೇಂದ್ರದಲ್ಲಿ ಸಾಕಲಾಗುತ್ತಿದೆ. ಅವುಗಳಿಗಾಗಿ ಅರಸರ ಕಾಲದಲ್ಲಿ ಮೀಸಲಿಟ್ಟ ಕಾವಲುಗಳ ಗಡಿ ಯಾವುದು ಎಂಬ ವ್ಯಾಜ್ಯವೂ ಅವುಗಳ ಜೊತೆಗೇ ಉಳಿದು ಬಂದಿದೆ.